ಪಾದಯಾತ್ರಿ ತಾಯಂದಿರ ಒಳಉಡುಪು: ಸಂಕೋಚ ಬಿಟ್ಟು ನಾಲ್ಕು ಮಾತು

ಶಿವರಾತ್ರಿ ಕಳೆದು ಯುಗಾದಿ ಸಮೀಪಿಸುತ್ತಿದ್ದಂತೆ ನಮ್ಮ ಬೋನಾಳ, ಸುರಪುರ, ಶಹಾಪುರ ಸೀಮೆಯ ಮನೆಮನೆಗಳಲ್ಲಿ ಶ್ರೀಶೈಲದ ಮಾತು ಮೊದಲಾಗುತ್ತದೆ. ಭ್ರಮರಾಂಬೆಯನ್ನು ಕನ್ನಡ ನಾಡಿನ ಮನೆಮಗಳೆಂದೂ ಮಲ್ಲಿಕಾರ್ಜುನನನ್ನು ಅಳಿಯನೆಂದೂ ಭಾವಿಸುವ ಭಕ್ತಸಮೂಹವು, ಹಬ್ಬಕ್ಕೆ ಮಗಳಿಗೆ ಉಡಿ ತುಂಬಲು ಹೊರಟ ತವರವರ ಸಡಗರದಿಂದ ನಡೆದು ಹೋಗುತ್ತದೆ. ತಾಯಿಗೆ ಒಯ್ಯುವ ಸೀರೆಯನ್ನು ಆರಿಸುವಾಗ ನಾವು ಹೆಣ್ಣುಮಕ್ಕಳು ಪಡುವ ಶ್ರಮ ಅಷ್ಟಿಷ್ಟಲ್ಲ. ಸುರಪುರದ ಪೇಟೆಯಲ್ಲಿ ನಾಲ್ಕು ಅಂಗಡಿ ಹತ್ತಿಳಿದು, ದಡಿಯ ಅಗಲ ನೋಡಿ, ಸೆರಗಿನ ನೇಯ್ಗೆ ನೋಡಿ, ಬಿಸಿಲಿಗೆ ಹಿಡಿದು ಬಣ್ಣ ನೋಡಿ ಕೊಳ್ಳುತ್ತೇವೆ. ಆದರೆ ಆ ಸೀರೆಯ ಗಂಟನ್ನು ಹೊತ್ತು ಸುಮಾರು 300 ಕಿ.ಮೀ. ನಡೆಯಬೇಕಾದ ನಮ್ಮ ಮೈಗೆ ತಾಗಿಕೊಂಡಿರುವ ಒಳಉಡುಪು ಎಂಥದಿರಬೇಕೆಂದು ಯಾರೂ ಕೇಳುವುದಿಲ್ಲ. ಕೇಳಬೇಕೆಂದಿದ್ದವರಿಗೂ ಬಾಯಿ ಬರುವುದಿಲ್ಲ.

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇದೆಂತಹ ವಿಷಯವೆಂದು ಕೆಲವು ಹಿರಿಯರು ಮುಖ ಸಿಂಡರಿಸಬಹುದು. ಸ್ಥಾವರ ಕ್ಷೇತ್ರಕ್ಕೆ ನಡೆದು ಹೋಗುವುದೇ ಇಷ್ಟಲಿಂಗನಿಷ್ಠರಿಗೆ ತಕ್ಕುದೇ ಎಂದು ಕೇಳುವವರೂ ನಮ್ಮಲ್ಲಿದ್ದಾರೆ. ಆ ಚರ್ಚೆಯನ್ನು ಬಲ್ಲವರಿಗೆ ಬಿಟ್ಟು, ಹೇಗಿದ್ದರೂ ನಡೆದೇ ತೀರುವ ತಾಯಂದಿರ ವಿಚಾರವನ್ನಷ್ಟೇ ಇಲ್ಲಿ ಬರೆಯುತ್ತೇವೆ.

ಹೆಣ್ಣುಮಕ್ಕಳ ತಂಡದೊಡನೆ ತಿಂಥಣಿಯಲ್ಲಿ ಕೃಷ್ಣೆಯನ್ನು ದಾಟಿ, ದೇವದುರ್ಗ, ರಾಯಚೂರು, ಕರ್ನೂಲುಗಳ ಮೇಲೆ ಆತ್ಮಕೂರು ಸೇರಿ, ಅಲ್ಲಿಂದ ನಲ್ಲಮಲದ ಕಾಡನ್ನು ಹೊಕ್ಕು ನಡೆದ ಅನುಭವ ನಮಗೆ ಹಲವು ವರ್ಷಗಳದು. ದಾರಿಯಲ್ಲಿ ಪಾದದ ಬೊಬ್ಬೆಗಳಿಗೆ ದೊರೆಯುವ ಉಪಚಾರವನ್ನು ಎಷ್ಟು ಹೊಗಳಿದರೂ ಸಾಲದು. ಊರೂರಿನ ಜನ ಬಿಸಿನೀರು ಕಾಯಿಸಿ ಕೊಡುತ್ತಾರೆ, ಎಣ್ಣೆ ಹಚ್ಚಿ ಕಾಲು ತಿಕ್ಕುತ್ತಾರೆ. ಬೊಬ್ಬೆಯನ್ನು ತೋರಿಸಲು ನಾಚಿಕೆಯಿಲ್ಲ. ರಾಯಚೂರು ದಾಟುವ ಮುನ್ನವೇ ಬಸ್ಸು ಹತ್ತಿ ಊರಿಗೆ ಮರಳಿದ ಹೆಣ್ಣುಮಕ್ಕಳನ್ನು ಕೇಳಿದರೆ ಜ್ವರವೆಂದೋ ತಲೆನೋವೆಂದೋ ಹೇಳುವರು. ರಾತ್ರಿ ಮಗ್ಗುಲಿನಲ್ಲಿ ಮಲಗಿದಾಗ ಮಾತ್ರ ನಿಜ ಹೊರಬೀಳುತ್ತದೆ. "ಕಾಲು ಗಟ್ಟಿ ಅದಾವು ಯಕ್ಕಾ, ಒಳಗ ಉರೀಲಾಕತ್ತಾದ" ಎಂದು ಹೊದಿಕೆಯೊಳಗಿಂದ ಪಿಸುಗುಟ್ಟಿದ ಸೊಸೆಯಂದಿರು ಒಬ್ಬಿಬ್ಬರಲ್ಲ. ಹರಕೆ ಹೊತ್ತು ಹೊರಟವಳು ಅರ್ಧ ದಾರಿಯಲ್ಲಿ ಹಿಂದಿರುಗಿದರೆ ಅವಳ ಭಕ್ತಿಯಲ್ಲಿ ಏನೋ ಕೊರತೆಯಿತ್ತೆಂದು ಆಡಿಕೊಳ್ಳುವ ಬಾಯಿಗಳಿಗೆ ನಮ್ಮ ಊರುಗಳಲ್ಲಿ ಬರವಿಲ್ಲ. ಅವಳನ್ನು ಹಿಂದಕ್ಕೆ ಕಳಿಸಿದ್ದು ತೊಡೆಸಂದಿನಲ್ಲಿದ್ದ ಎರಡು ಬೆರಳಗಲದ ಒರಟು ಹೊಲಿಗೆ ಎಂಬುದು ಯಾರಿಗೂ ತಿಳಿಯುವುದೇ ಇಲ್ಲ.

ಲೆಕ್ಕ ಹಾಕಿ ನೋಡಿರಿ. ಸೀರೆಯುಟ್ಟ ಹೆಂಗಸು ಒಂದು ಕಿ.ಮೀ. ನಡೆಯಲು ಸುಮಾರು 1,500 ಹೆಜ್ಜೆ ಇಡುತ್ತಾಳೆ. 300 ಕಿ.ಮೀ. ಎಂದರೆ ನಾಲ್ಕೂವರೆ ಲಕ್ಷ ಹೆಜ್ಜೆ. ಅಷ್ಟು ಸಲ ಒಂದು ತೊಡೆ ಇನ್ನೊಂದನ್ನು ಸವರಿ ಹೋಗುತ್ತದೆ. ಬೆವರು ಆರಿದಾಗ ಉಳಿಯುವ ಉಪ್ಪಿನ ಹರಳುಗಳು ನಡುವೆ ಮರಳಿನಂತೆ ಕೆಲಸ ಮಾಡುತ್ತವೆ. ಯುಗಾದಿಯ ಹೊತ್ತಿಗೆ ನಮ್ಮ ಸೀಮೆಯ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಏರಿರುತ್ತದೆ. ಮನೆಯಲ್ಲಿ, ಹೊಲದಲ್ಲಿ ಎಂದೂ ಕಾಡದ ಬಟ್ಟೆ ಮೂರನೆಯ ದಿನಕ್ಕೆ ಶತ್ರುವಾಗುವುದು ಹೀಗೆ.

ಶ್ರೀಶೈಲಕ್ಕೆ ನಡೆದವರಲ್ಲಿ ಅಕ್ಕಮಹಾದೇವಿಯನ್ನು ನೆನೆಯದವರುಂಟೆ? ಉಡುಪಿನ ಹಂಗನ್ನೇ ಹರಿದು ಕೇಶವನ್ನೇ ಅಂಬರವಾಗಿಸಿಕೊಂಡ ಆ ತಾಯಿಯ ಎತ್ತರ ಬೇರೆ. ಸಂಸಾರಿಗಳಾದ ನಾವು ಉಟ್ಟುಕೊಂಡೇ ನಡೆಯಬೇಕಾದವರು. ಆದುದರಿಂದ ಉಡುವುದನ್ನು ವಿಚಾರಿಸಿ ಉಡಬೇಕು.

ಮೊದಲನೆಯದು ನೂಲಿನ ವಿಚಾರ. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರಗಳ ಹೊಲಗಳಲ್ಲಿ ಎತ್ತ ನೋಡಿದರತ್ತ ಹತ್ತಿ. ಹಾಗಿದ್ದರೂ ಹತ್ತಿ ಬಿಡಿಸಿದ ಕೈಗಳೇ ಜಾತ್ರೆಯ ಅಂಗಡಿಯಲ್ಲಿ ನೈಲಾನಿನ ಹೊಳೆಯುವ ಚಡ್ಡಿಗಳನ್ನು ಅಗ್ಗವೆಂದು ಕೊಳ್ಳುತ್ತವೆ. ಸಾಧಾರಣ ಹವೆಯಲ್ಲಿ 100 ಗ್ರಾಂ ಒಣ ಹತ್ತಿಯು ಸುಮಾರು 8 ಗ್ರಾಂ ತೇವವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ, ಉಣ್ಣೆ ಸುಮಾರು 16 ಗ್ರಾಂ, ನೈಲಾನು 4 ಗ್ರಾಂ. ಪಾಲಿಯೆಸ್ಟರು ಅರ್ಧ ಗ್ರಾಮನ್ನೂ ಹಿಡಿಯುವುದಿಲ್ಲ. ಪಾಲಿಯೆಸ್ಟರು ಬೇಗ ಒಣಗುತ್ತದೆಂಬುದು ನಿಜ. ಆದರೆ ಬಿಗಿಯಾದ ಅಗ್ಗದ ನೇಯ್ಗೆಯಲ್ಲಿ ಬೆವರು ಚರ್ಮದ ಮೇಲೆಯೇ ನಿಲ್ಲುತ್ತದೆ, ವಾಸನೆಯೂ ಬೇಗ ಹಿಡಿಯುತ್ತದೆ. ಹತ್ತಿಯ ದೋಷವೆಂದರೆ ಅದು ನಿಧಾನವಾಗಿ ಒಣಗುತ್ತದೆ. ರಾಯಚೂರಿನ ಬಿಸಿಲಿನಲ್ಲಿ ಆ ದೋಷಕ್ಕೆ ಬೆಲೆಯೇನು? ಮಧ್ಯಾಹ್ನದ ಪ್ರಸಾದ ಮುಗಿಸಿ ಏಳುವಷ್ಟರಲ್ಲಿ ಗರಿಗರಿಯಾಗಿರುತ್ತದೆ. ಆದುದರಿಂದ ಯುಗಾದಿಯ ನಡಿಗೆಗೆ ತೆಳ್ಳನೆಯ, ಮೆತ್ತಗಿನ ಹತ್ತಿಯ ಹೆಣಿಗೆಬಟ್ಟೆಯೇ ಸರಿಯೆಂಬುದು ನಮ್ಮ ಅಭಿಪ್ರಾಯ.

ಇದೇ ಮಾತು ಕೇದಾರಕ್ಕೆ ಸಲ್ಲದು. ಗೌರಿಕುಂಡದಿಂದ ಸುಮಾರು 16 ಕಿ.ಮೀ. ಏರಿ, 3,583 ಮೀಟರು ಎತ್ತರದ ಕೇದಾರನಾಥವನ್ನು ಸೇರುವ ದಾರಿಯಲ್ಲಿ ಬೆವರಿನಿಂದಲೋ ಮಳೆಯಿಂದಲೋ ನೆನೆದ ಹತ್ತಿ ದಿನವೆಲ್ಲ ಒಣಗದೆ ಮೈಯ ಕಾವನ್ನು ಹೀರುತ್ತದೆ. ಅಲ್ಲಿಗೆ ಹೋಗುವವರು ತೆಳು ಉಣ್ಣೆಯ ಅಥವಾ ಬೇಗ ಒಣಗುವ ಒಳ್ಳೆಯ ಪಾಲಿಯೆಸ್ಟರಿನ ಒಳಉಡುಪನ್ನು ಧರಿಸಬೇಕು. ದೂರ ನಡೆಯುವ ಪರದೇಶದ ಹೆಂಗಸರು ಹತ್ತಿ ಬೇಡವೇ ಬೇಡವೆನ್ನುವುದು ಇಂಥ ತಂಪು ನಾಡುಗಳನ್ನು ಕಂಡು. ನಗರದಲ್ಲಿರುವ ನಮ್ಮ ಮಕ್ಕಳು ಅದನ್ನೇ ನಂಬಿ ಅವ್ವನಿಗೆ ಬೆಲೆಬಾಳುವ ಕೃತಕ ನೂಲಿನ ಉಡುಪು ತಂದುಕೊಟ್ಟರೆ, ಅವರ ಪ್ರೀತಿಯನ್ನು ಮೆಚ್ಚಿ ಉಡುಪನ್ನು ಕೇದಾರಯಾತ್ರೆಗೆ ತೆಗೆದಿಡುವುದು ಲೇಸು.

ಇನ್ನು ಆಕಾರ. ಸೀರೆಯುಡುವವರಿಗೆ ಮೊಣಕಾಲಿನಿಂದ ಒಂದು ಗೇಣು ಮೇಲಿನವರೆಗೆ ಇಳಿಯುವ, ತೊಡೆಗಳ ನಡುವೆ ತಾನೇ ತಡೆಯಾಗಿ ನಿಲ್ಲುವ ಉದ್ದ ಕಾಲಿನ ಚಡ್ಡಿಗಿಂತ ಹಿತವಾದುದಿಲ್ಲ. ಹೊಲಿಗೆ ತೊಡೆಯ ಒಳಮಗ್ಗುಲಿಗೆ ಬಾರದಂತೆ, ನಡುವೆ ಒಂದು ಅಗಲವಾದ ತುಂಡು ಕೂಡಿಸಿ ಹೊಲಿಸಬೇಕು. ನಮ್ಮ ದರ್ಜಿಯೊಬ್ಬರು ಇದನ್ನು ಹೇಳಿಸಿಕೊಳ್ಳಲು ನಮಗಿಂತ ಹೆಚ್ಚು ನಾಚಿದರು. ಕಡೆಗೆ ಅವರ ಮನೆಯವರು ಅಳತೆ ಹಿಡಿದು ಹೊಲಿದುಕೊಟ್ಟರು. ಸಿದ್ಧ ಉಡುಪು ಕೊಳ್ಳುವುದಾದರೆ ಒಳಗನ್ನು ಹೊರಗೆ ತಿರುವಿ ಹೊಲಿಗೆಯನ್ನು ಕೆನ್ನೆಗೆ ಉಜ್ಜಿ ನೋಡಿರಿ. ಕೆನ್ನೆಗೆ ಒರಟೆನಿಸಿದ್ದು ತೊಡೆಗೆ ಮೆತ್ತಗಾಗದು. ಎಲಾಸ್ಟಿಕ್ ಅಗಲವಾಗಿರಲಿ, ಬಟ್ಟೆಯೊಳಗೆ ಮುಚ್ಚಿರಲಿ, ಬಿಚ್ಚಿದಾಗ ಸೊಂಟದಲ್ಲಿ ಕೆಂಪು ಬರೆ ಉಳಿಯದಿರಲಿ.

ಸೊಂಟದ ಮಾತು ಬಂದಾಗ ಪರಕಾರದ ಲಾಡಿಯನ್ನು ಹೇಳದೆ ಮುಂದೆ ಹೋಗಲಾಗದು. ಭಾರದ ಸೀರೆ ಜಾರದಿರಲೆಂದು ಹುರಿಯಂಥ ಲಾಡಿಯನ್ನು ಬಿಗಿದು ಬಿಗಿದು ಸೊಂಟದಲ್ಲಿ ಕಪ್ಪು ಗೆರೆ ಮೂಡಿಸಿಕೊಳ್ಳದ ಹೆಂಗಸರು ನಮ್ಮಲ್ಲಿ ಕಡಿಮೆ. 2024ರಲ್ಲಿ ಮಹಾರಾಷ್ಟ್ರದ ವಾರ್ಧಾ ಹಾಗೂ ಬಿಹಾರದ ವೈದ್ಯರು, ದಶಕಗಳ ಕಾಲ ಸೊಂಟದ ಬಿಗಿ ಕಟ್ಟು ಒತ್ತಿದ ಜಾಗದಲ್ಲಿ ಮಾಯದ ಹುಣ್ಣಾಗಿ, ಅದು ಚರ್ಮದ ಕ್ಯಾನ್ಸರಿಗೆ ತಿರುಗಿದ ಇಬ್ಬರು ವೃದ್ಧೆಯರ ಪ್ರಕರಣಗಳನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿ ಮಾಡಿದರು. ಇಂತಹುದು ಬಹು ಅಪರೂಪ, ಹೆದರಬೇಕಾದುದಿಲ್ಲ. ಆದರೂ ಮೂರು ಬೆರಳಗಲದ ಪಟ್ಟಿಯಿರುವ ಪರಕಾರವನ್ನು ಹೊಲಿಸಿ, ಅದನ್ನು ಒಳಚಡ್ಡಿಯ ಪಟ್ಟಿಯ ಮೇಲೆ ಕಟ್ಟಿದರೆ ಲಾಡಿ ಚರ್ಮಕ್ಕೆ ತಾಗುವುದೇ ಇಲ್ಲ. ಲಂಡನ್ನಿನಲ್ಲಿ 1881ರಲ್ಲಿ ಹುಟ್ಟಿದ ಉಡುಪು ಸುಧಾರಣೆಯ ಸಂಘವೊಂದು ಹೆಂಗಸರ ಒಳಬಟ್ಟೆಗಳೆಲ್ಲ ಸೇರಿ 7 ಪೌಂಡು, ಎಂದರೆ 3 ಕಿಲೋಗ್ರಾಮಿಗಿಂತ ತುಸು ಹೆಚ್ಚಿನ ತೂಕವನ್ನು ಮೀರಬಾರದೆಂದು ಸಾರಬೇಕಾಯಿತಂತೆ. ಭಾರ ಹೊರುವುದರಲ್ಲಿ ಬಿಳಿಯ ಅಕ್ಕತಂಗಿಯರು ನಮಗೇನೂ ಕಡಿಮೆಯಿರಲಿಲ್ಲ.

ಮೇಲಿನ ಉಡುಪಿಗೆ, ನಾವು ಬಾಡಿ ಎನ್ನುವುದಕ್ಕೆ, ಹಿಂದೆ ಲೋಹದ ಕೊಂಡಿಯಿರಬಾರದು. ಗಂಟಿನ ಭಾರ ಅದನ್ನು ಬೆನ್ನಿಗೆ ಒತ್ತುತ್ತದೆ. ಹೆಗಲ ಪಟ್ಟಿ ಅಗಲವಿರಲಿ. ಶಿವದಾರ, ಬಾಡಿಯ ಪಟ್ಟಿ, ಚೀಲದ ಪಟ್ಟಿ ಮೂರೂ ಒಂದೇ ಎಡೆಯಲ್ಲಿ ಒಂದರ ಮೇಲೊಂದು ಬಂದರೆ ಕತ್ತಿನ ಬುಡ ಎರಡೇ ದಿನದಲ್ಲಿ ಕಿತ್ತುಹೋಗುತ್ತದೆ. ಶಿವದಾರವನ್ನು ಮೆತ್ತನೆಯ ವಸ್ತ್ರದಲ್ಲಿ ಸುತ್ತಿಕೊಳ್ಳುವುದನ್ನು ನಮಗೆ ಹಿರಿಯ ತಾಯಿಯೊಬ್ಬರು ಕಲಿಸಿದರು.

ಎಷ್ಟು ಒಯ್ಯಬೇಕೆಂದು ಎಲ್ಲರೂ ಕೇಳುತ್ತಾರೆ. ಮೂರು ಸಾಕು: ಮೈಮೇಲೊಂದು, ಬಿಸಿಲಿಗೊಂದು, ಗಂಟಿನಲ್ಲೊಂದು. ಹತ್ತು ಒಯ್ದವರು ಹತ್ತನ್ನೂ ಒಗೆಯದೆ ಹೊತ್ತದ್ದನ್ನು ನೋಡಿದ್ದೇವೆ.

ಒಣಗಿಸುವುದೇ ನಮ್ಮ ನಿಜವಾದ ಕಷ್ಟ. ಗಂಡಸರ ಬನಿಯನ್ನು, ಚಡ್ಡಿಗಳು ಮಠದ ಅಂಗಳದಲ್ಲಿ, ಬೇಲಿಯ ಮೇಲೆ, ಟ್ರ್ಯಾಕ್ಟರಿನ ಮೂತಿಯ ಮೇಲೆ ರಾಜಾರೋಷವಾಗಿ ಒಣಗುತ್ತವೆ. ನಮ್ಮವು ಸೀರೆಯ ಅಡಿಯಲ್ಲಿ, ನೆರಳಿನಲ್ಲಿ, ಗಾಳಿ ಬಿಸಿಲು ಕಾಣದೆ ಅಡಗಿರುತ್ತವೆ. ಬೆಳಗಿನ ನಾಲ್ಕಕ್ಕೆ ಹೊರಡುವಾಗ ಇನ್ನೂ ಹಸಿಯಾಗಿರುವುದನ್ನೇ ಉಡುತ್ತೇವೆ. ಹಸಿ ಬಟ್ಟೆ, ಕಾವು, ಬೆವರು ಈ ಮೂರೂ ಕೂಡಿದಲ್ಲಿ ಗಜಕರ್ಣ, ನಮ್ಮವರು ಹುಳಕಡ್ಡಿ ಎನ್ನುವ ಬೂಷ್ಟಿನ ರೋಗ, ಕರೆಯದೆ ಬರುತ್ತದೆ. ಮೇಲಾಗಿ ಅದಕ್ಕೆ ಔಷಧದಂಗಡಿಯಲ್ಲಿ ಕೇಳಿ ತಂದು ಹಚ್ಚುವ ಮುಲಾಮುಗಳಲ್ಲಿ ಹಲವಕ್ಕೆ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ದಿನ ತುರಿಕೆ ಅಡಗಿ, ಬಳಿಕ ರೋಗ ಇಮ್ಮಡಿಯಾಗಿ ಹರಡುತ್ತದೆ. ಈ ಮುಲಾಮುಗಳ ದೆಸೆಯಿಂದಲೇ ಗಜಕರ್ಣ ಇಂದು ದೇಶದಾದ್ಯಂತ ಮೊಂಡುಬಿದ್ದಿದೆಯೆಂದು ಚರ್ಮವೈದ್ಯರು ದೂರುತ್ತಿದ್ದಾರೆ. ನಮ್ಮ ತಂಡದಲ್ಲಿ ಒಂದು ವರ್ಷ ಈ ಮಾತು ಹೇಗೋ ಗಂಡಸರ ಕಿವಿಗೆ ಬಿದ್ದು, ಹಿರಿಯ ಶರಣರೊಬ್ಬರು ಏನನ್ನೂ ಕೇಳದೆ, ವಸತಿಯ ಹಿಂಬದಿಯಲ್ಲಿ ಹಗ್ಗ ಕಟ್ಟಿ, ಸುತ್ತಲೂ ಹಳೆಯ ಸೀರೆಯ ಮರೆ ಕಟ್ಟಿಸಿ, ಮೇಲ್ಭಾಗವನ್ನು ಸೂರ್ಯನಿಗೆ ತೆರೆದಿಟ್ಟರು. ಅಂದಿನಿಂದ ಆ ಹಗ್ಗ ಅಡುಗೆಯ ಪಾತ್ರೆಗಳೊಡನೆ ವಾಹನವೇರುತ್ತದೆ.

ನದಿಯಲ್ಲಿ ಮಿಂದು ಒದ್ದೆಯಲ್ಲಿಯೇ ನಡೆಯುವುದನ್ನು ಮಡಿಯೆಂದು ಭಾವಿಸುವವರನ್ನೂ ಕಾಣುತ್ತೇವೆ. ಲಿಂಗಪೂಜೆಗೆ ಶುಭ್ರವಾದ ಒಣ ಬಟ್ಟೆ ಸಾಕು. ಮಿಂದೊಡನೆ ಸಂದುಗಳನ್ನು ಒತ್ತಿ ಒರೆಸಿ, ತೊಡೆಗಳಿಗೆ ಕೊಬ್ಬರಿ ಎಣ್ಣೆ ಸವರಿ, ನಡುಹಗಲಿನಲ್ಲಿ ಉಪ್ಪನ್ನು ನೀರಿನಿಂದ ತೊಳೆದು ಮತ್ತೆ ಸವರಬೇಕು. ರಾತ್ರಿ ಸಡಿಲವಾದ ಪರಕಾರದಲ್ಲಿ ಮಲಗಿ ಮೈಗೆ ಗಾಳಿಯಾಡಲು ಬಿಡಬೇಕು.

ಮುಟ್ಟಿನ ದಿನಗಳ ಮಾತು ಇನ್ನೂ ಗಂಭೀರ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಶರಣರು 12ನೆಯ ಶತಮಾನದಲ್ಲಿಯೇ ಅಲ್ಲಗಳೆದರು. ಕೊರಳಲ್ಲಿ ಇಷ್ಟಲಿಂಗವಿರುವವಳಿಗೆ ದಾರಿಯಲ್ಲಿ ಸೂತಕವೆಲ್ಲಿಯದು? ಹಾಗಿದ್ದೂ ಯಾತ್ರೆಗೆ ಅಡ್ಡಿಯಾದೀತೆಂದು ವೈದ್ಯರನ್ನು ಕೇಳದೆ ಮುಟ್ಟು ಮುಂದೂಡುವ ಗುಳಿಗೆ ನುಂಗುವ ಹೆಣ್ಣುಮಕ್ಕಳು ನಮ್ಮಲ್ಲಿಯೇ ಇದ್ದಾರೆ. ಕೆಲವರ ಮೈಗೆ ಅವು ಆಗಿಬರುವುದಿಲ್ಲ. ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಗುಳಿಗೆಯ ಬದಲು ಗಂಟಿನಲ್ಲಿ ಮೈಗೆ ಹತ್ತಿ ಕೂರುವ ಎರಡು ಸಾಧಾರಣ ಚಡ್ಡಿಗಳನ್ನು ಹೆಚ್ಚಿಗೆ ಇಡಿ, ಏಕೆಂದರೆ ಉದ್ದ ಕಾಲಿನ ಸಡಿಲ ಚಡ್ಡಿಯಲ್ಲಿ ಪ್ಯಾಡು ನಿಲ್ಲುವುದಿಲ್ಲ. ಬಟ್ಟೆ ಬಳಸುವವರು ಅದನ್ನೂ ಅದೇ ಹಗ್ಗದ ಮೇಲೆ ಬಿಸಿಲಿಗೆ ಹಾಕಬೇಕು.

ಬಯಲಿಗೆ ಹೋಗಬೇಕಾಗುವುದೆಂದು ನೀರನ್ನೇ ಕುಡಿಯದೆ ನಡೆಯುವುದು ಇನ್ನೊಂದು ಹಠ. ಉರಿಮೂತ್ರದ ಬಹುಪಾಲು ಅಲ್ಲಿಂದಲೇ. ಗಂಟು ಹಾಕಿದ ಲಾಡಿ ಕತ್ತಲಲ್ಲಿ ಬಿಚ್ಚಲು ಬಾರದೆ ತಡೆಹಿಡಿಯುವವರಿಗಾಗಿಯೇ ನಾವು ಒಳಚಡ್ಡಿಗೆ ಎಲಾಸ್ಟಿಕನ್ನೇ ಒಪ್ಪುತ್ತೇವೆ.

ಹೊಸ ಉಡುಪನ್ನು ಗಂಜಿ ಹೋಗುವಂತೆ ಎರಡು ಸಲ ಒಗೆದು, ಹೊರಡುವ ಹದಿನೈದು ದಿನ ಮೊದಲೇ ಉಟ್ಟು ನಡೆದು ನೋಡಬೇಕು. ನಮಗೆ ಪಕ್ಷಿಧಾಮವೆಂದು ಹೆಸರಾದ ಬೋನಾಳದ ಕೆರೆಯ ಏರಿ ಇದೆ. ಗಂಟು ಹೊತ್ತು ಬಿಸಿಲೇರಿದ ಮೇಲೆ ಎರಡು ತಾಸು ಅಲ್ಲಿ ತಿರುಗಿದರೆ ಯಾವ ಹೊಲಿಗೆ ಎಲ್ಲಿ ಕಚ್ಚುವುದೆಂದು ತಿಳಿಯುತ್ತದೆ. ಮನೆಗೆ ಬಂದು ಬಿಚ್ಚಿ ಹೊಲಿಯಲು ಸಮಯವೂ ಉಳಿದಿರುತ್ತದೆ.

ಕಡೆಯದಾಗಿ, ಈಗ ನಂದ್ಯಾಲ ಜಿಲ್ಲೆಗೆ ಸೇರಿರುವ ಆತ್ಮಕೂರಿನಲ್ಲಿ ಮೂರನ್ನೂ ಒಗೆದು ಚೆನ್ನಾಗಿ ಒಣಗಿಸಿಕೊಳ್ಳಿ. ಅಲ್ಲಿಂದ ಮುಂದೆ ನಾಗಲೂಟಿ, ಪೆದ್ದಚೆರುವು ದಾಟಿ ಭೀಮನ ಕೊಳ್ಳದವರೆಗೆ ಕಾಡು; ಕುಡಿಯುವ ನೀರೇ ಎಣಿಕೆಯದು, ಒಗೆಯಲು ಸಿಕ್ಕದು. ಭೀಮನ ಕೊಳ್ಳದಿಂದ ಕೈಲಾಸದ್ವಾರದ ಏರು ಮೊದಲಾಗುವ ಮುನ್ನ, ಗಂಟಿನಲ್ಲಿ ಉಳಿಸಿಕೊಂಡ ಒಣಗಿದ ಜೊತೆಯನ್ನು ಉಡಿರಿ.