ಕುಂಚವೂ ಆತ್ಮಪ್ರತ್ಯಯವೂ

ಕಾಳಿದಾಸನ ಶಾಕುಂತಲದ ಪ್ರಸ್ತಾವನೆಯಲ್ಲಿ ಸೂತ್ರಧಾರನು ತನ್ನ ಅಳುಕನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಾನೆ. ನಾಟಕವು ಕಾಳಿದಾಸನದು, ನಟರು ನುರಿತವರು. ಆದರೂ ಬಲ್ಲವರು ನೋಡಿ ತಲೆದೂಗುವ ತನಕ ಅವನಿಗೆ ಸಮಾಧಾನವಿಲ್ಲ. ಇದನ್ನು ವಿನಯವೆಂದು ವ್ಯಾಖ್ಯಾನಿಸುವುದು ವಾಡಿಕೆ. ನನಗಾದರೋ ಇದು ವೃತ್ತಿಯ ಅನುಭವವೆಂದೇ ತೋರುತ್ತದೆ. ಕಲಿಯದವನಿಗೆ ತನ್ನ ಕೈಯ ವಿಷಯದಲ್ಲಿ ಸಂದೇಹವೇ ಹುಟ್ಟದು. ಕಲಿತವನಿಗೆ ಸರಿಯಾದುದು ಹೇಗಿರಬೇಕೆಂಬುದು ಗೊತ್ತಿರುವುದರಿಂದಲೇ ಅಂಜಿಕೆ.

ಈ ಮಾತು ಈಚೆಗೆ ನನ್ನ ಮನಸ್ಸಿಗೆ ಬಂದುದು ದಾವಣಗೆರೆಯ ನನ್ನ ಶಿಷ್ಯೆಯೊಬ್ಬಳ ದೆಸೆಯಿಂದ. ಆಕೆಯ ತಂದೆ ಮಂಡಿಪೇಟೆಯ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರು. ನಮ್ಮ ಊರು ಹತ್ತಿಯ ಗಿರಣಿಗಳಿಗೆ ಹೆಸರಾಗಿದ್ದಂತೆ ಕಂಪೆನಿ ನಾಟಕಗಳಿಗೂ ಹೆಸರಾದುದು. ಚಿಂದೋಡಿ ಮನೆತನದ ಕೆ. ಬಿ. ಆರ್. ನಾಟಕ ಕಂಪೆನಿಯ ತವರು ಇದೇ. ಅರಮನೆ, ಬೀದಿ, ಕಾಡು ಎಂದು ಪರದೆಗಳು ಸುರುಳಿ ಬಿಚ್ಚಿ ಇಳಿಯುತ್ತಿದ್ದ ಕಾಲದಲ್ಲಿ ಬಣ್ಣದ ಕೈಗಳಿಗೆ ಇಲ್ಲಿ ಅನ್ನವಿತ್ತು. ಆ ತಂದೆಯೂ ಹರೆಯದಲ್ಲಿ ಪರದೆ ಬರೆದವರೇ. ಅನಂತರ ಯಂತ್ರದಲ್ಲಿ ಅಚ್ಚಾಗುವ ಫ್ಲೆಕ್ಸ್ ಬಂದಿತು. ಎರಡು ದಿನದ ಕೆಲಸ ಎರಡು ಗಳಿಗೆಗಿಳಿಯಿತು. ೨೦೧೬ರಲ್ಲಿ ಕರ್ನಾಟಕ ಸರ್ಕಾರವು ಪ್ಲಾಸ್ಟಿಕ್ ಫ್ಲೆಕ್ಸುಗಳನ್ನು ನಿಷೇಧಿಸಿದರೂ ಅವರ ಹಳೆಯ ಗಿರಾಕಿಗಳು ಹಿಂದಿರುಗಲಿಲ್ಲ. ಕುಂಚಗಳು ಅಟ್ಟಕ್ಕೇರಿದವು.

ಮಗಳು ನಮ್ಮ ಊರಿನ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಚಿತ್ರಕಲೆಯನ್ನು ಕಲಿತಳು. ದೇವರ ಮನೆಯ ಬಾಗಿಲಿಗೆ ಬಳ್ಳಿ, ನಡುಮನೆಯ ಗೋಡೆಗೆ ಅಂಚು, ತುಲಸಿಯ ಕಟ್ಟೆಗೆ ಹೂವು—ಹೀಗೆ ಮನೆಗಳ ಅಲಂಕಾರವನ್ನೇ ಸ್ವಂತ ವೃತ್ತಿಯಾಗಿ ಹಿಡಿಯಬೇಕೆಂದು ಆಕೆಯ ಆಸೆ. ಅದೇ ವೇಳೆಗೆ ಒಂದು ಶಾಲೆಯಲ್ಲಿ ಚಿತ್ರಕಲೆಯನ್ನು ಕಲಿಸುವ ಕೆಲಸವೂ ಒದಗಿತು. ಸಂಬಳ ಸ್ವಲ್ಪ, ಆದರೆ ತಿಂಗಳು ತಿಂಗಳು ಬರುವಂತಹುದು. ಮನೆಯಲ್ಲಿ ದುಡಿಯುವ ಕೈ ಬೇರೊಂದಿಲ್ಲ. ಒಪ್ಪಿಗೆ ತಿಳಿಸಲು ಹದಿನೈದು ದಿನದ ಅವಧಿ. “ಮೇಷ್ಟ್ರೇ, ಕೈಗೆ ಬರುತ್ತದೆ, ಮನಸ್ಸಿಗೆ ಧೈರ್ಯ ಬರುವುದಿಲ್ಲ. ಧೈರ್ಯ ಬಂದ ಮೇಲೆ ಶುರುಮಾಡಲೇ?” ಎಂದು ಕೇಳಿದಳು.

ನಾನು ಕುಂಚ ಹಿಡಿದವನಲ್ಲ, ವ್ಯಾಕರಣ ಓದಿದವನು. ಆತ್ಮವಿಶ್ವಾಸಕ್ಕೆ ಆತ್ಮಪ್ರತ್ಯಯವೆಂದೂ ಹೆಸರುಂಟು. ಪ್ರತ್ಯಯವೆಂದರೆ ನಂಬಿಕೆ. ವ್ಯಾಕರಣದಲ್ಲಿಯಾದರೆ ಅದೇ ಶಬ್ದಕ್ಕೆ, ಧಾತುವಿನ ಅನಂತರ ಬಂದು ಸೇರುವ ಅಂಶವೆಂದು ಅರ್ಥ. ಧಾತುವೇ ಇಲ್ಲದೆ ಬರಿಯ ಪ್ರತ್ಯಯವನ್ನು ಹಿಡಿದು ಯಾರೂ ಮಾತನಾಡಲಾರರು. “ಕೆಲಸವೇ ಧಾತು, ತಾಯಿ. ಧೈರ್ಯವು ಅದರ ಬೆನ್ನಿಗೆ ಬರುವಂಥದು. ಅದು ಮೊದಲು ಬರಲೆಂದು ಕಾದರೆ ಪದವೇ ಸಿದ್ಧವಾಗದು” ಎಂದೆ. ಆಕೆ ನಕ್ಕಳು. ಆದರೆ ಶ್ಲೇಷೆಯಿಂದ ಹೊಟ್ಟೆ ತುಂಬದಷ್ಟೆ. ಆದುದರಿಂದ ಅಂಜಿಕೆಯು ಇರುವುದೆಲ್ಲಿ ಎಂದು ವಿಚಾರಿಸಿದೆ.

ಅದು ಬರೆಯುವುದರಲ್ಲಿರಲಿಲ್ಲ. ಪರಿಚಯದ ಮನೆಗಳಲ್ಲಿ ಒಂದೆರಡು ಕೆಲಸಗಳನ್ನು ಆಕೆ ಆಗಲೇ ಮಾಡಿದ್ದಳು. “ಎಷ್ಟಾಗುತ್ತದಮ್ಮಾ?” ಎಂದು ಮನೆಯವರು ಕೇಳಿದೊಡನೆ ನಾಲಿಗೆ ಒಣಗುತ್ತಿತ್ತು, ಮನಸ್ಸಿನಲ್ಲಿದ್ದ ಬೆಲೆ ತುಟಿಗೆ ಬರುವಷ್ಟರಲ್ಲಿ ಅರ್ಧವಾಗುತ್ತಿತ್ತು. ಊಹೆಯಿಂದ ಬೆಲೆ ಹೇಳುವವನಿಗೆ ಅದನ್ನು ಕಾಯ್ದುಕೊಳ್ಳಲು ಧೈರ್ಯ ಬೇಕು. ಲೆಕ್ಕದಿಂದ ಹೇಳುವವನಿಗೆ ಲೆಕ್ಕವೇ ಸಾಕು. ಆ ಹದಿನೈದು ದಿನದಲ್ಲಿ ಆಕೆ ಮಾಡಿದುದು ಇಷ್ಟೇ. ಎರಡಡಿ ಚೌಕದ ಮೂರು ಹಲಗೆಗಳ ಮೇಲೆ ಸರಳವಾದ ಅಂಚು, ತಾವರೆಯ ಬಳ್ಳಿ, ನವಿಲಿನ ಜೋಡಿ ಈ ಮೂರನ್ನು ಬರೆದಳು. ಒಂದೊಂದಕ್ಕೂ ಹಿಡಿದ ಹೊತ್ತನ್ನೂ ಬಣ್ಣವನ್ನೂ ಗುರುತು ಹಾಕಿಕೊಂಡಳು. ನಾಲ್ಕು ಚದರಡಿಯ ಅಂಚಿಗೆ ೨ ಗಂಟೆ ಹಿಡಿಯಿತು. ಅಷ್ಟೇ ಅಳತೆಯ ನವಿಲಿಗೆ ೭ ಗಂಟೆ. ಎರಡಕ್ಕೂ ಒಂದೇ ದರವಾದರೆ ನವಿಲು ಬರೆದಷ್ಟೂ ನಷ್ಟವೆಂಬುದು ಯಾರೂ ಹೇಳದೆಯೇ ತಿಳಿಯಿತು. ಕೂಲಿ, ಬಣ್ಣ, ಹೋಗಿಬರುವ ವೆಚ್ಚ, ಕೆಲಸವಿಲ್ಲದ ದಿನಗಳ ಅನ್ನ, ಇಷ್ಟನ್ನೂ ಕೂಡಿಸಿ ಚದರಡಿಗೆ ಮೂರು ದರಗಳನ್ನು ಕಾಗದದ ಮೇಲೆ ಬರೆದಳು. ಮುಂಗಡ ಅರ್ಧ, ಉಳಿದುದು ಕೆಲಸ ಮುಗಿದ ದಿನ. ಕೇಳಿದವರ ಮುಂದೆ ಹಲಗೆಗಳನ್ನಿಟ್ಟು ಕಾಗದವನ್ನು ಕೊಟ್ಟರಾಯಿತು. ತಿಂಗಳಿಗೆ ಎಷ್ಟು ಚದರಡಿ ಬರೆದರೆ ಶಾಲೆಯ ಸಂಬಳಕ್ಕೆ ಸಮನಾಗುವುದೆಂಬುದೂ ಆ ಲೆಕ್ಕದಲ್ಲಿತ್ತು. ಅದನ್ನು ತಂದೆಗೆ ತೋರಿಸಿದಳು. ಅವರು ಬಹಳ ಹೊತ್ತು ನೋಡಿ, “ಒಂದು ವರ್ಷ ನೋಡೋಣ” ಎಂದರಂತೆ. ಶಾಲೆಯವರಿಗೆ ಬರಲಾಗದೆಂದು ತಿಳಿಸಿದಳು.

ಬೆಲೆಯನ್ನು ಬಲ್ಲಂತೆ ಗೋಡೆಯನ್ನೂ ಬಲ್ಲವರಾಗಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರವನ್ನು ಕುರಿತ ಪ್ರಕರಣವೊಂದುಂಟು. ಪುಡಿಯಿಂದ ಬರೆಯುವ ಧೂಳಿಚಿತ್ರವನ್ನೂ ದೊರೆಯು ಚಿತ್ರಗಳ ಎಣಿಕೆಯಲ್ಲಿ ಸೇರಿಸಿದ್ದಾನೆ; ನಮ್ಮ ಅಂಗಳದ ರಂಗವಲ್ಲಿಗೆ ಅದಕ್ಕಿಂತ ಮರ್ಯಾದೆ ಬೇಕೆ? ಆದರೆ ಅಲ್ಲಿ ಚಿತ್ರಕ್ಕಿಂತ ಮೊದಲು ಬರುವುದು ಗೋಡೆ. ಅದನ್ನು ನಯಗೊಳಿಸಬೇಕು, ಎಮ್ಮೆಯ ಚರ್ಮವನ್ನು ಬೇಯಿಸಿ ಮಾಡಿದ ವಜ್ರಲೇಪವನ್ನು ಬಿಳಿಯ ಮಣ್ಣಿನೊಡನೆ ಬೆರಸಿ ಬಳಿಯಬೇಕು, ಒಣಗಿದ ಮೇಲೆ ಮತ್ತೆ ಬಳಿಯಬೇಕು. ಇದನ್ನು ಓದಿ ಹೇಳಿದಾಗ ಶಿಷ್ಯೆಯು, “ನಾವು ಪ್ರೈಮರ್ ಹೊಡೆಯುವುದೂ ಇದಕ್ಕೇ ಅಲ್ಲವೇ ಮೇಷ್ಟ್ರೇ!” ಎಂದಳು.

ಈ ತಿಳಿವಳಿಕೆಗೆ ಪರೀಕ್ಷೆ ಬಂದುದು ಹರಿಹರದಲ್ಲಿ. ಅಲ್ಲಿಯ ಒಂದು ಹೊಸ ಮನೆಗೆ ಪಡಸಾಲೆಯ ಗೋಡೆಯೂ ದೇವರ ಮನೆಯ ಬಾಗಿಲೂ ಎಂದು ಆಕೆಗೆ ಅದುವರೆಗೆ ಸಿಕ್ಕದಷ್ಟು ದೊಡ್ಡ ಕೆಲಸ ದೊರೆಯಿತು. ಹರಿಹರೇಶ್ವರನ ದರ್ಶನವಾದೀತೆಂದು ನಾನೂ ಜೊತೆಯಲ್ಲಿ ಹೋಗಿದ್ದೆ. ಗೃಹಪ್ರವೇಶಕ್ಕೆ ಹತ್ತೇ ದಿನ. ಶಿಷ್ಯೆಯು ಪಡಸಾಲೆಯ ಗೋಡೆಗೆ ಅಂಗೈಯಿಟ್ಟು ನೋಡಿದಳು. ಸಿಮೆಂಟಿನ ತೇವ ಆರಿರಲಿಲ್ಲ. ಬುಡದಲ್ಲಿ ಬಿಳಿಯ ಉಪ್ಪು ಎದ್ದಿತ್ತು. “ಯಜಮಾನರೇ, ದೇವರ ಮನೆಯ ಬಾಗಿಲನ್ನು ಈಗಲೇ ಮಾಡಿಕೊಡುತ್ತೇನೆ. ಈ ಗೋಡೆ ಒಣಗಬೇಕು” ಎಂದಳು. ಬೇರೆಯವರಾದರೆ ನಾಳೆಯೇ ಬಂದು ಬರೆಯುತ್ತಾರೆ ಎಂದರು ಅವರು. “ಬರೆಯಬಹುದು. ವರ್ಷ ತುಂಬುವುದರೊಳಗೆ ಬಣ್ಣ ಹಪ್ಪಳದಂತೆ ಎದ್ದೀತು. ಅಂತಹ ಕೆಲಸವನ್ನು ನಾನು ಮಾಡಲಾರೆ” ಎಂದಳು. ಧ್ವನಿ ನಡುಗುತ್ತಿದ್ದುದು ನನಗೆ ಕೇಳಿಸಿತು. ಆದರೆ ಮಾತು ಹಿಂದೆ ಸರಿಯಲಿಲ್ಲ. ಆ ತಿಂಗಳ ಅನ್ನವೆಲ್ಲ ಆ ಗೋಡೆಯ ಮೇಲಿತ್ತೆಂಬುದು ನನಗೆ ಗೊತ್ತಿತ್ತು. ಧೈರ್ಯವೆಂದರೆ ನಡುಕವಿಲ್ಲದಿರುವುದಲ್ಲ, ತಿಳಿದುದನ್ನು ನಡುಗುತ್ತಲಾದರೂ ಹೇಳುವುದು.

ಅಲ್ಲಿಂದ ಗುಡಿಗೆ ಹೋದೆವು. ೧೨೨೪ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಕಟ್ಟಿಸಿದುದು. ಎಂಟು ನೂರು ವರ್ಷ ಕಳೆದರೂ ಮಂಟಪದ ಕಂಬಗಳ ನುಣುಪು ಹೋಗಿಲ್ಲ. ಅವಸರದ ಕೈ ಮಾಡಿದ ಕೆಲಸವಲ್ಲ ಅದು. ಆಕೆ ಮಾತಿಲ್ಲದೆ ಕಂಬವೊಂದನ್ನು ಸವರುತ್ತ ನಿಂತಳು. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಕಂಡರಿಸಿದ್ದಾರೆ; ತಮ್ಮ ಕೆಲಸಕ್ಕೆ ತಾವೇ ಹೊಣೆಯೆಂದು ನಿಲ್ಲುವ ರೀತಿ ಅದು ಎಂದು ಆಕೆಗೆ ಹೇಳಿದೆ. ಹೆಸರು ಬರೆಯಬೇಕೆಂದಿರುವವನು ಹಸಿ ಗೋಡೆಯ ಮೇಲೆ ಬರೆಯಲಾರನಷ್ಟೆ.

ಬಾಗಿಲಿನ ಬಳ್ಳಿ ಗೃಹಪ್ರವೇಶಕ್ಕೆ ಮೊದಲೇ ಮುಗಿಯಿತು. ಗೋಡೆಗೆ ಕರೆ ಬಂದುದು ಎರಡು ತಿಂಗಳ ಮೇಲೆ. ಅದು ಮುಗಿದ ದಿನ ಮೂಲೆಯಲ್ಲಿ ಆಕೆಯ ಹೆಸರನ್ನೂ “ದಾವಣಗೆರೆ” ಎಂಬುದನ್ನೂ ಬರೆದವರು ತಂದೆ; ಅಕ್ಷರದಲ್ಲಿ ಅವರ ಕೈಯನ್ನು ಮೀರಿದವರಿಲ್ಲವಷ್ಟೆ. ಅಟ್ಟದ ಕುಂಚಗಳು ಕೆಳಗಿಳಿದಿವೆ. ಶಾಲೆಯ ಸಂಬಳಕ್ಕೆ ಸಮನಾದ ತಿಂಗಳುಗಳೂ ಉಂಟು, ಆಗದ ತಿಂಗಳುಗಳೂ ಉಂಟು. ಹೊಸ ಗೋಡೆಯ ಮುಂದೆ ನಿಂತಾಗ ಈಗಲೂ ಅಂಜಿಕೆಯಾಗುವುದೆಂದು ಆಕೆ ಹೇಳುತ್ತಾಳೆ. ಆಗಲಿ. ಕಾಳಿದಾಸನ ಸೂತ್ರಧಾರನೂ ಅಂಜಿದವನೇ. ಆದರೂ ಆ ದಿನ ನಾಟಕವು ನಿಲ್ಲಲಿಲ್ಲ.