ಬೆರಳಿಗೆ ಕಾಣುವ ಗೆರೆ

ಈ ಶಾಲೆಯ ಹೊಲಿಗೆಯ ತರಗತಿಯಲ್ಲಿ ನಮಗೆ ಕೊಟ್ಟ ಉಪಕರಣಗಳಲ್ಲಿ ಅತ್ಯಂತ ಕಿರಿದಾದುದು ಹಿಡಿಯುಳ್ಳ ಹಲ್ಲುಚಕ್ರ. ಕತ್ತರಿ ಹೋಗಬೇಕಾದ ದಾರಿಯನ್ನು ಚುಕ್ಕೆಚುಕ್ಕೆಯಾಗಿ ಗುರುತಿಸುವುದೇ ಅದರ ಕೆಲಸ. ಶಾಲೆಯನ್ನು ಬಿಟ್ಟು ಬಹುಕಾಲದ ತರುವಾಯ, ಕೊಪ್ಪಳದಲ್ಲಿ ನಾವು ಉಪಾಧ್ಯಾಯಿನಿಯಾಗಿದ್ದಾಗ, ಅದು ಮರಳಿ ನಮ್ಮ ಕೈಗೆ ಬಂದ ಬಗೆಯನ್ನು ವಾಚಕರಲ್ಲಿ ಅರಿಕೆಮಾಡುವೆವು.

ಕುಷ್ಟಗಿ ತಾಲೂಕಿನಿಂದ ಬಂದ, ಹುಟ್ಟಿನಿಂದ ಅಂಧಳಾದ ಬಾಲಿಕೆಯೊಬ್ಬಳು ನಮ್ಮ ತರಗತಿಯಲ್ಲಿದ್ದಳು. ಲೂಯಿ ಬ್ರೈಲನು 1829ರಲ್ಲಿ ಪ್ರಕಟಿಸಿದ ಆರು ಚುಕ್ಕೆಗಳ ಲಿಪಿ ಅವಳಿಗೆ ಕರಗತವಾಗಿತ್ತು. ಆದರೆ ಚಿತ್ರದ ಗಂಟೆ ಬಂದೊಡನೆ ಅವಳನ್ನು ಸಂಗೀತದ ಕೊಠಡಿಗೆ ಕಳುಹಿಸುತ್ತಿದ್ದೆವು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ (1892–1944) ಪುಟ್ಟರಾಜ ಗವಾಯಿಗಳೂ (1914–2010) ಎಷ್ಟೋ ಅಂಧ ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಕೊಟ್ಟುದರಿಂದ, ಕಣ್ಣಿಲ್ಲದವರಿಗೆ ಸಂಗೀತವೇ ಸಹಜವೆಂಬ ಎಣಿಕೆ ನಮ್ಮ ಸೀಮೆಯಲ್ಲಿ ಬೇರೂರಿದೆ. ಈ ಹುಡುಗಿಗೋ ಹಾಡೆಂದರೆ ಬೇಸರ! ಅದನ್ನು ನಾವು ಕೇಳಿಯೇ ಇರಲಿಲ್ಲ.

ಒಮ್ಮೆ ಮಕ್ಕಳನ್ನು ಕಿನ್ನಾಳಕ್ಕೆ ಕರೆದೊಯ್ದೆವು. ಅಲ್ಲಿಯ ಚಿತ್ರಗಾರರು ಹರಳಿನ ಪುಡಿಯನ್ನು ಅಂಟಿನಲ್ಲಿ ಕಲಸಿ, ಮರದ ಗೊಂಬೆಯ ಮೈಮೇಲೆ ಆಭರಣಗಳನ್ನು ಉಬ್ಬಿಸಿ ಬರೆಯುವರಷ್ಟೆ. ಉಳಿದವರು ಬಣ್ಣವನ್ನು ಹೊಗಳುತ್ತಿರಲು ಇವಳು ಗೊಂಬೆಯ ಕೊರಳ ಸರದ ಎಳೆಗಳನ್ನು ಬೆರಳಿನಿಂದ ಎಣಿಸಿ ಹೇಳಿದಳು.

ಆಗ ನಮಗೆ ಹಲ್ಲುಚಕ್ರದ ನೆನಪಾಯಿತು. ದಪ್ಪ ಕಾಗದದ ಅಡಿಯಲ್ಲಿ ಕಂಬಳಿಯನ್ನು ಹಾಸಿ, ಆಗಿನ ಜಿಲ್ಲೆಯ ನಾಲ್ಕು ತಾಲೂಕುಗಳ ನಕ್ಷೆಯನ್ನು ಚಕ್ರದಿಂದ ಒತ್ತಿದೆವು. ಚುಕ್ಕೆಗಳು ಕೆಳಮುಖದಲ್ಲಿ ಏಳುವುದರಿಂದ ಕಾಗದವನ್ನು ತಿರುವಿ ಅವಳ ಮುಂದಿಟ್ಟೆವು. ಒಂದು ಕ್ಷಣ ಮುಟ್ಟಿ ನಕ್ಕಳು.

“ಅಕ್ಕೋರೇ, ಗಂಗಾವತಿ ಪಡುವಲಕ್ಕ ಯಾಕ ಹೋತ್ರಿ?”

ಯಲಬುರ್ಗಾ ಮೂಡಣಕ್ಕೆ ಬಂದು ಕುಳಿತಿತ್ತು! ದಿನವೂ ಬಲದಿಂದ ಎಡಕ್ಕೆ ಚುಚ್ಚಿ ಬರೆದು, ಹಾಳೆಯನ್ನು ತಿರುವಿ ಎಡದಿಂದ ಬಲಕ್ಕೆ ಓದತಕ್ಕವಳಿಗೆ ನಮ್ಮ ತಪ್ಪು ತಿಳಿಯುವುದಕ್ಕೆ ಹೊತ್ತು ಹಿಡಿಯಲಿಲ್ಲ. ನಕ್ಷೆಯನ್ನು ತಿದ್ದಿ ಕೊಟ್ಟೆವು. “ತಿಳೀತ್ರಿ. ಇನ್ನ ನಾ ಯಾವಾಗ ತೆಗೀಲಿ?” ಎಂದಳು.

ಆದರೆ ಚಕ್ರವನ್ನು ಅವಳ ಕೈಗೆ ಕೊಟ್ಟರೆ ಪ್ರತಿಯೊಂದು ಗೆರೆಗೂ ಕಾಗದವನ್ನೆತ್ತಿ ತಿರುವಿ ಮುಟ್ಟಬೇಕು. ಅಷ್ಟರಲ್ಲಿ ನಿಂತ ಸ್ಥಳ ತಪ್ಪುವುದು. ಬಡಿಗರಿಂದ ಹಲಗೆಯೊಂದನ್ನು ತರಿಸಿ, ಕಿಟಕಿಗೆ ಹಾಕುವ ಸೊಳ್ಳೆಯ ಜಾಲರಿಯನ್ನು ಅದಕ್ಕೆ ಬಿಗಿದು, ತಂತಿ ಚುಚ್ಚದಂತೆ ಅಂಚಿಗೆ ಬಟ್ಟೆಯನ್ನು ಅಂಟಿಸಿದೆವು. ಅದರ ಮೇಲೆ ಕಾಗದವನ್ನಿಟ್ಟು ಮೇಣದ ಬಣ್ಣದ ಕಡ್ಡಿಯಿಂದ ಒತ್ತಿ ಬರೆದರೆ ಗೆರೆಯು ಮೇಲ್ಮುಖದಲ್ಲಿಯೇ ತರಿತರಿಯಾಗಿ ನಿಲ್ಲುವುದು. ಬಲಗೈ ಬರೆದುದನ್ನು ಎಡಗೈ ಹಿಂದೆಯೇ ಓದಬಹುದು. ರಬ್ಬರಿನ ಹಾಸಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನಿಟ್ಟು ಬಾಲ್‌ಪೆನ್ನಿನಿಂದ ಬರೆಯತಕ್ಕ ಫಲಕಗಳೂ ಉಂಟು. ಅವುಗಳಲ್ಲಿ ಗೆರೆ ಇನ್ನೂ ಚೊಕ್ಕಟವಾಗಿ ಉಬ್ಬುವುದು. ಕೆನಡಾದ ಮನಶ್ಶಾಸ್ತ್ರಜ್ಞ ಜಾನ್ ಕೆನಡಿಯವರು, ಅಂಧರು ಬರೆದ ರೇಖಾಚಿತ್ರಗಳು ಕಾಣುವವರ ಚಿತ್ರಗಳನ್ನು ಬಹುಮಟ್ಟಿಗೆ ಹೋಲುವುವೆಂದು 1993ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ನಮಗೆ ಅದು ತಿಳಿದುದು ಜಾಲರಿಯ ಹಲಗೆಯಿಂದ.

ಅವಳು ಮೊದಲು ಬರೆದುದು ತನ್ನ ಮನೆಯನ್ನು. ತಲೆಬಾಗಿಲು, ದನದ ಕೊಟ್ಟಿಗೆ, ಪಡಸಾಲೆ, ಅಡಿಗೆಮನೆ. ಅಂಗಳದ ಮೂಲೆಯಲ್ಲಿ ಒಂದು ದುಂಡು. ಆ ಶನಿವಾರ ಅವಳನ್ನು ನೋಡಬಂದ ತಂದೆಯವರಿಗೆ ಚಿತ್ರವನ್ನು ತೋರಿಸಿದೆವು. ದುಂಡಿನ ಮೇಲೆ ಬೆರಳಿಟ್ಟು ಅವರು ಬೆರಗಾಗಿ ಕೇಳಿದರು:

“ಹಗೇವು ಇಲ್ಲೈತಿ ಅಂತ ನಿನಗ ಹ್ಯಾಂಗ ಗೊತ್ತವ್ವಾ? ಅಲ್ಲಿ ನಿನ್ನ ಬಿಟ್ಟೇ ಇಲ್ಲಲ್ಲ.”

“ನೀವು ಹೊಲಕ್ಕ ಹೋದಾಗ ಹೋಗತಿದ್ದೆ ಅಪ್ಪಾ. ಅಲ್ಲಿ ಕಾಲಿಗೆ ಬ್ಯಾರೆ ಸಪ್ಪಳ ಬರತೈತಿ.”

ತಂದೆಯವರು ಬಹಳ ಹೊತ್ತು ಆ ಹಾಳೆಯನ್ನು ಕೈಯಿಂದ ಬಿಡಲಿಲ್ಲ. ಅವರು ಹೋದ ಮೇಲೆ ಅದನ್ನು ಉಳಿದ ಮಕ್ಕಳ ಚಿತ್ರಗಳ ಸಾಲಿನಲ್ಲಿ ಗೋಡೆಗೆ ಮೊಳೆ ಹೊಡೆದು ತೂಗಿಹಾಕಿದೆವು. ಮರುದಿನ ಅವಳು ಗೋಡೆಯನ್ನು ತಡವುತ್ತ ನಿಂತುದನ್ನು ಕಂಡು, ಮೊಳೆಯನ್ನು ಕಿತ್ತು ಅವಳ ಎದೆಯ ಮಟ್ಟಕ್ಕೆ ಹೊಡೆದೆವು.