ಅವಳ ಅಳತೆಯ ಸೈಕಲ್ಲು

ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು, ಹೆಬ್ಬೆರಳಿಗಿಂತ ಚೂರು ದಪ್ಪಗಿನ ಟೈರು. ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ. ರೋಡ್ ಬೈಕ್ ಅನ್ನುವ ಈ ಸೈಕಲ್ಲನ್ನು ಮೊದಲ ಸಲ ಕಂಡವರು ಇನ್ನೂ ಪೂರ್ತಿ ಜೋಡಿಸಿಲ್ಲವೇನೋ ಅಂದುಕೊಳ್ಳುತ್ತಾರೆ. ನನ್ನ ಕಣ್ಣಿಗೆ ಇದಕ್ಕಿಂತ ಚೆಲುವಾದ ಯಂತ್ರ ಇನ್ನೊಂದಿಲ್ಲ. ಹತ್ತು ಕೆ.ಜಿ. ಆಸುಪಾಸಿನ ತೂಕ, ಎರಡು ತ್ರಿಕೋನ, ಎರಡು ಚಕ್ರ. ಕಾಲು ಕೊಟ್ಟ ಬಲವನ್ನು ಹೆಚ್ಚುಕಮ್ಮಿ ಪೂರ್ತಿಯಾಗಿ ರಸ್ತೆಗೆ ದಾಟಿಸಿಬಿಡುತ್ತದೆ. ಬೆಳಿಗ್ಗೆ ಐದೂವರೆಗೆ ಮೈಸೂರಿನ ಲಲಿತಮಹಲ್ ಕಡೆಯಿಂದ ಚಾಮುಂಡಿ ಬೆಟ್ಟದ ರಸ್ತೆಗೆ ತಿರುಗಿದರೆ ನನ್ನ ಉಸಿರು, ಚೈನಿನ ಸರಸರ, ಎಲ್ಲೋ ಒಂದು ನವಿಲಿನ ಕೂಗು, ಇಷ್ಟೇ ಕಿವಿಗೆ ಬೀಳುವುದು.

ಒಂದು ಭಾನುವಾರ ಹಾಗೆ ಬೆಟ್ಟ ಹತ್ತಿಳಿದು ಬಂದು ಅಂಗಳದಲ್ಲಿ ಚೈನು ಒರೆಸುತ್ತಿದ್ದೆ. ನನ್ನಾಕೆ ಪಕ್ಕದಲ್ಲಿ ಕೂತು ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ, ಅದು ನಿಲ್ಲುವ ತನಕ ನೋಡುತ್ತಿದ್ದು, "ನಂಗೂ ಇಂಥದ್ದೇ ಒಂದು ಕೊಂಡುಕೊಳ್ಳೋಣ ಕಣ್ರೀ" ಅಂದಳು. ಅಲ್ಲಿಂದ ಶುರುವಾದ ಹುಡುಕಾಟ ನನಗೆ ನನ್ನ ಸ್ವಂತ ಸೈಕಲ್ ಕೊಂಡಾಗಿನದಕ್ಕಿಂತ ಹೆಚ್ಚು ಸುಖ ಕೊಟ್ಟಿತು. ನಮಗೆ ನಾವೇ ಕೊಳ್ಳುವಾಗ ಆಸೆ ಮುಂದೆ ಓಡುತ್ತದೆ. ಇನ್ನೊಬ್ಬರಿಗಾಗಿ ಹುಡುಕುವಾಗ ಅವರ ಕೈ, ಬೆನ್ನು, ಅಂಜಿಕೆ, ಅವರು ಹೋಗಬೇಕೆಂದಿರುವ ದಾರಿ, ಎಲ್ಲವನ್ನೂ ಹೊಸದಾಗಿ ನೋಡಬೇಕಾಗುತ್ತದೆ. ಇಷ್ಟು ವರ್ಷ ಜೊತೆಗಿದ್ದೂ ಅವಳ ಅಂಗೈ ನನ್ನದಕ್ಕಿಂತ ಎಷ್ಟು ಚಿಕ್ಕದು ಅನ್ನುವುದನ್ನು ನಾನು ಲೆಕ್ಕ ಹಾಕಿದ್ದು ಬ್ರೇಕಿನ ದೆಸೆಯಿಂದ.

ಸೈಕಲ್ಲು ಅವಳಿಗೆ ಹೊಸದಲ್ಲ. ಅರಕಲಗೂಡು ಸೀಮೆಯವಳು. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಾಗ ಮೊದಮೊದಲು ಬಂದವುಗಳಲ್ಲಿ ಒಂದು ಇವಳ ಪಾಲಿಗೂ ಬಂತು. ಮುಂದೆ ಬುಟ್ಟಿ, ಲಂಗಕ್ಕೆ ಅಡ್ಡ ಬರದ ಹಾಗೆ ತಗ್ಗಿಸಿದ ಫ್ರೇಮು, ಎತ್ತಿದರೆ ತೋಳು ಬೀಳುವಷ್ಟು ಭಾರ. ಅದರಲ್ಲೇ ಹೈಸ್ಕೂಲು ಮುಗಿಯಿತು. ಮದುವೆಯಾಗಿ ಮೈಸೂರಿಗೆ ಬಂದ ಮೇಲೆ, 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ಲಿನಲ್ಲಿ ಕುಕ್ಕರಹಳ್ಳಿ ಕೆರೆಯವರೆಗೆ ಹೋಗಿಬರುವುದು ಅಭ್ಯಾಸವಾಗಿತ್ತು. ಸಮತೋಲ, ಧೈರ್ಯ ಎರಡೂ ಅವಳಲ್ಲಿ ಇದ್ದವು. ಬೇಕಾಗಿದ್ದು ಅವಳ ಮೈಗೆ ಒಪ್ಪುವ ಸೈಕಲ್ಲು.

ಅಂಗಡಿಯ ಮಾತು ಆಮೇಲೆ, ಮೊದಲು ಅಳತೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಎರಡು ಕಾಲಿನ ನಡುವೆ ಸೀಟಿನ ಹಾಗೆ ಮೇಲಕ್ಕೆ ಒತ್ತಿ ಹಿಡಿಯಬೇಕು. ಪುಸ್ತಕದ ಮೇಲಂಚಿಗೆ ಸರಿಯಾಗಿ ಗೋಡೆಯ ಮೇಲೆ ಪೆನ್ಸಿಲ್ ಗೆರೆ. ನೆಲದಿಂದ ಆ ಗೆರೆಗೆ 72 ಸೆಂ.ಮೀ. ಬಂತು. ಇದನ್ನು 0.883ರಿಂದ ಗುಣಿಸಿದರೆ ಪೆಡಲಿನ ಕ್ರ್ಯಾಂಕು ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಮೈವರೆಗೆ ಇರಬೇಕಾದ ಎತ್ತರ ಸಿಗುತ್ತದೆ: ಸುಮಾರು 63.5 ಸೆಂ.ಮೀ. ಟೂರ್ ಡಿ ಫ್ರಾನ್ಸನ್ನು ಮೂರು ಸಲ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಈ ಲೆಕ್ಕ ಹಬ್ಬಿದೆ. ಇದು ಆರಂಭದ ಅಂದಾಜು ಅಷ್ಟೆ, ಕೊನೆಯ ಮಾತು ಮಂಡಿಯದು. ಇನ್ನೊಂದು ಅಳತೆ ನನಗೆ ಬಲು ಇಷ್ಟ. ಗಟ್ಟಿ ಸ್ಟೂಲಿನ ಮೇಲೆ ಪದರದ ಕಾರ್ಡ್‌ಬೋರ್ಡ್ ಹಾಸಿ, ಮಂಡಿಗಳನ್ನು ಚೂರು ಮೇಲೆತ್ತಿ ಸ್ವಲ್ಪ ಹೊತ್ತು ಕೂತು ಎದ್ದರೆ, ಕೂರುವ ಎರಡು ಮೂಳೆಗಳು ಎರಡು ಗುಳಿ ಮೂಡಿಸಿರುತ್ತವೆ. ಗುಳಿಗಳ ನಡುವಿನ ದೂರಕ್ಕೆ ಎರಡು ಸೆಂಟಿಮೀಟರ್ ಕೂಡಿಸಿದರೆ ಸೀಟಿನ ಅಗಲ ಗೊತ್ತಾಗುತ್ತದೆ. ಸಾಮಾನ್ಯವಾಗಿ ಹೆಂಗಸರಲ್ಲಿ ಈ ದೂರ ಗಂಡಸರಿಗಿಂತ ಹೆಚ್ಚು. ಮೆತ್ತನೆಯ ದಪ್ಪ ಸೀಟು ಸುಖ ಅನ್ನುವುದು ಅರ್ಧ ಗಂಟೆಯ ಮಾತು. ಎರಡು ಗಂಟೆ ಕೂರುವವರಿಗೆ ಬೇಕಾದ್ದು ಮೂಳೆಗೆ ಸರಿಯಾಗಿ ಆಧಾರ ಕೊಡುವ ಅಗಲ.

ಮೊದಲು ಹೋದ ಅಂಗಡಿಯಲ್ಲಿ ಕಣ್ಣು ಕುಕ್ಕುವ ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಎಲ್ಲವೂ 52, 54, 56 ಸೆಂ.ಮೀ. ಫ್ರೇಮಿನ ಅಳತೆಯವು. ಮಾರುವ ಹುಡುಗ ನನ್ನನ್ನೇ ನೋಡುತ್ತ, "ಐವತ್ತೆರಡು ತಗೊಳ್ಳಿ ಸಾರ್, ಸೀಟು ಇಳಿಸಿಕೊಂಡ್ರೆ ಮೇಡಂಗೆ ಆಗತ್ತೆ" ಅಂದ. ನನಗೆ ಬೇಸರವಾಯಿತು. ಸೀಟು ಇಳಿಸಿದರೆ ಕಾಲಿನ ಉದ್ದಕ್ಕೆ ಉತ್ತರ ಸಿಕ್ಕೀತು. ಸೀಟಿನಿಂದ ಹ್ಯಾಂಡಲ್ಲಿಗೆ ಇರುವ ದೂರ ಎಲ್ಲಿಗೆ ಹೋಗುತ್ತದೆ? ಐದಡಿ ಒಂದಿಂಚಿನವಳು ಅದರ ಮೇಲೆ ಕೂತಾಗ ಮೊಣಕೈ ಸೆಟೆದು ನೆಟ್ಟಗಾಯಿತು, ಹೆಗಲು ಕಿವಿಗೆ ಹತ್ತಿತು. ಅಂಥ ಸೈಕಲ್ಲಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿಬಂದರೆ ಕುತ್ತಿಗೆ ಹಿಡಿದು, ತಪ್ಪು ತನ್ನದೇ ಎಂದುಕೊಂಡು ಸವಾರಿಯನ್ನೇ ಬಿಟ್ಟುಬಿಡುತ್ತಾರೆ. ಎಷ್ಟೋ ಮನೆಗಳಲ್ಲಿ ಬಾಲ್ಕನಿಯಲ್ಲಿ ಧೂಳು ತಿನ್ನುತ್ತಿರುವ ಸೈಕಲ್ಲುಗಳ ಹಿಂದೆ ಇದೇ ಕಾರಣ ಇದೆ ಎಂದು ನಾನು ನಂಬಿದ್ದೇನೆ.

ಚಿಕ್ಕ ಮೈಯವರಿಗೆ ಸೈಕಲ್ ಮಾಡುವುದು ಸುಲಭದ ಕೆಲಸವಲ್ಲ. ಚಕ್ರದ ಅಳತೆ ಎಲ್ಲರಿಗೂ ಒಂದೇ, ಫ್ರೇಮು ಮಾತ್ರ ಕುಗ್ಗಬೇಕು. ಕುಗ್ಗಿಸುತ್ತ ಹೋದರೆ ತಿರುವಿನಲ್ಲಿ ಕಾಲ್ಬೆರಳು ಮುಂದಿನ ಟೈರಿಗೆ ತಾಗುತ್ತದೆ. 1985ರಲ್ಲಿ ಅಮೆರಿಕದ ಜಾರ್ಜಿನಾ ಟೆರಿ ಎಂಬ ಎಂಜಿನಿಯರ್ ಹೆಂಗಸರಿಗಾಗಿಯೇ ಸೈಕಲ್ ಕಂಪನಿ ಶುರುಮಾಡಿ, ಮುಂದಿನ ಚಕ್ರವನ್ನೇ ಚಿಕ್ಕದು ಮಾಡಿ ಈ ತೊಡಕನ್ನು ಬಿಡಿಸಿದರು. ಹತ್ತು ಹನ್ನೆರಡು ವರ್ಷದ ನಂತರ ಇಂಗ್ಲೆಂಡಿನ ಮೈಕ್ ಬರೋಸ್, ಜಯಂಟ್ ಕಂಪನಿಗಾಗಿ ಮೇಲಿನ ಅಡ್ಡ ಕೊಳವೆಯನ್ನು ಹಿಂದಕ್ಕೆ ಇಳಿಜಾರಾಗಿಸಿದ ರೋಡ್ ಬೈಕು ರೂಪಿಸಿದರು. ಇವತ್ತು ಗಿಡ್ಡನೆಯವರು ರೋಡ್ ಬೈಕಿನ ಕೊಳವೆಯ ಆಚೀಚೆ ಕಾಲೂರಿ ನಿರಾತಂಕವಾಗಿ ನಿಲ್ಲುತ್ತಾರೆಂದರೆ ಆ ಇಳಿಜಾರಿಗೆ ಋಣಿಗಳು.

ಮೈಸೂರಿನಲ್ಲಿ ಸಿಗದ್ದು ಬೆಂಗಳೂರಿನಲ್ಲಿ ಸಿಕ್ಕಿತು. 47ರ ಅಳತೆ. ಅಲ್ಲಿನ ಮೆಕ್ಯಾನಿಕ್ ವಯಸ್ಸಾದವರು, ಮಾತು ಕಡಿಮೆ. ನನ್ನನ್ನು ಬದಿಗೆ ನಿಲ್ಲಿಸಿ ಅವಳನ್ನೇ ಕೇಳಿದರು: "ಎಲ್ಲಿ ಓಡಿಸ್ತೀರಮ್ಮ? ಬೆನ್ನು ನೋವೇನಾದ್ರೂ ಇದ್ಯಾ?" ಹ್ಯಾಂಡಲ್ಲಿನ ಮೇಲೆ ಕೈ ಇಡಿಸಿ ಬ್ರೇಕು ಹಿಡಿಯಲು ಹೇಳಿದರು. "ಬೆರಳ ತುದಿ ಅಷ್ಟೇ ಸಿಗ್ತಿದೆ" ಅಂದಳು. ಅವರು ಲಿವರಿನೊಳಗೆ ಅಡಗಿದ್ದ ಪುಟ್ಟ ತಿರುಪನ್ನು ಅಲೆನ್ ಕೀಯಿಂದ ತಿರುಗಿಸಿದರು. ಲಿವರು ಹ್ಯಾಂಡಲ್ಲಿನ ಹತ್ತಿರಕ್ಕೆ ಬಂತು. ಎರಡು ಬೆರಳಿನಲ್ಲಿ ಬ್ರೇಕು ಹಿಡಿದ ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು. ಬೆಟ್ಟ ಇಳಿಯುವ ಧೈರ್ಯ ಬರುವುದೇ ಅಲ್ಲಿಂದ. ಈ ತಿರುಪು ಇದೆ ಅನ್ನುವುದು ಎಷ್ಟೋ ಸವಾರರಿಗೆ ಗೊತ್ತಿಲ್ಲ.

ಗೇರಿನ ವಿಷಯಕ್ಕೆ ಬಂದರೆ, ನಾವು ಕೊಂಡಾಗ ಗೇರು ಮಾಡುವ ಶಿಮಾನೋ ಕಂಪನಿಯವರ ಮೆಟ್ಟಿಲು ಹೀಗಿತ್ತು: ಕ್ಲಾರಿಸ್‌ನಲ್ಲಿ ಹಿಂದೆ 8 ಗೇರು, ಸೋರಾದಲ್ಲಿ 9, ಟಿಯಾಗ್ರಾದಲ್ಲಿ 10, ಮೇಲೆ ಹೋದಷ್ಟೂ ಬೆಲೆ. ಮೊದಲ ಸೈಕಲ್ಲಿಗೆ ಈ ಮೆಟ್ಟಿಲಿಗಿಂತ ಮುಖ್ಯವಾದದ್ದು ಹಲ್ಲಿನ ಲೆಕ್ಕ. ಚೈನು ಕೂರುವ ಹಲ್ಲುಚಕ್ರಗಳ ಪೈಕಿ ಮುಂದಿನ ಚಿಕ್ಕದರಲ್ಲಿ 34 ಹಲ್ಲು, ಹಿಂದಿನ ದೊಡ್ಡದರಲ್ಲೂ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಟೈರೂ ಒಂದೇ ಸುತ್ತು, ಅಂದರೆ ಸುಮಾರು 2.1 ಮೀಟರ್. ಹಿಂದೆ 28 ಹಲ್ಲೇ ಇದ್ದರೆ ಅದೇ ಒಂದು ಸುತ್ತಿಗೆ ಸುಮಾರು 2.6 ಮೀಟರ್ ಏರಿಸಬೇಕು. ಸಮತಟ್ಟು ರಸ್ತೆಯಲ್ಲಿ ಗೊತ್ತೂ ಆಗದ ಈ ಅಂತರ ಬೆಟ್ಟದ ಏರಿನಲ್ಲಿ ತೊಡೆಗೆ ಗೊತ್ತಾಗುತ್ತದೆ. ಹಾಗಾಗಿ ನಾನು ಹಿಂದೆ 34 ಹಲ್ಲೇ ಬೇಕು ಎಂದು ಪಟ್ಟು ಹಿಡಿದೆ. ಕಾರ್ಬನ್ ಫ್ರೇಮು ಬೇಡ, ಅಲ್ಯುಮಿನಿಯಮ್ ಸಾಕು. ಉಳಿದ ದುಡ್ಡಿನಲ್ಲಿ ಡಿಸ್ಕ್ ಬ್ರೇಕು, 32 ಮಿ.ಮೀ. ಅಗಲದ ಟೈರು. ನಮ್ಮ ಊರಿನ ಹಂಪು, ಜಲ್ಲಿ, ಅಗೆದು ಮುಚ್ಚಿದ ರಸ್ತೆಗಳಿಗೆ 25ರ ಟೈರು ಸಲ್ಲದು.

ಪೆಡಲ್ ಬೇರೆಯಾಗಿ ಕೊಳ್ಳಬೇಕು. ಈ ಸೈಕಲ್ಲುಗಳು ಎಷ್ಟೋ ಸಲ ಪೆಡಲ್ ಇಲ್ಲದೆಯೇ ಬರುತ್ತವೆ. ಶೂ ಲಾಕ್ ಆಗುವ ಪೆಡಲ್ ಸದ್ಯಕ್ಕೆ ಬೇಡ ಎಂದು ಅಗಲವಾದ ಸಾದಾ ಪೆಡಲ್ ಹಾಕಿಸಿದೆವು. ಟ್ಯೂಬಿನ ವಾಲ್ವು ಸಣ್ಣದು, ನಮ್ಮ ಬೀದಿಯ ಪಂಕ್ಚರ್ ಅಂಗಡಿಯ ಪಂಪು ಅದಕ್ಕೆ ಕೂರುವುದಿಲ್ಲ. ಬೆರಳ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರೊಂದು ಸೀಟಿನ ಕೆಳಗಿನ ಚೀಲದಲ್ಲಿ ಸದಾ ಇರಬೇಕು. ಹೆಲ್ಮೆಟ್, ದೀಪ, ಒಂದು ಬೆಲ್ಲು. ಬೆಲ್ಲು ಅವಳೇ ಆರಿಸಿದಳು, ಟ್ರಿಣ್ ಎನ್ನುವಂಥದ್ದೇ.

ರೋಡ್ ಬೈಕಿಗೆ ಹೊಸಬರು ನಿಜವಾಗಿ ಅಂಜುವುದು ಸೀಟಿನ ಎತ್ತರಕ್ಕೆ. ಹಳೆಯ ಸೈಕಲ್ಲಿನಲ್ಲಿ ಕೂತಲ್ಲಿಂದಲೇ ಎರಡೂ ಕಾಲು ನೆಲಕ್ಕೆ ಸಿಗುತ್ತಿತ್ತು. ಇಲ್ಲಿ ತುದಿಬೆರಳು ಸಿಕ್ಕರೆ ಹೆಚ್ಚು. ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಜಾರಿ, ಒಂದು ಕಾಲು ಪೆಡಲ್ ಮೇಲೆ, ಇನ್ನೊಂದು ನೆಲಕ್ಕೆ. ಈ ಒಂದು ವಿದ್ಯೆಯನ್ನು ನಮ್ಮ ಬಡಾವಣೆಯ ಖಾಲಿ ರಸ್ತೆಯಲ್ಲಿ ಸಾವಧಾನವಾಗಿ ಕಲಿತುಕೊಂಡಳು. ಕಲಿತ ಮೇಲೆ ಮೆಕ್ಯಾನಿಕ್ ಹೇಳಿದ್ದ ಎತ್ತರಕ್ಕೆ ಸೀಟು ಏರಿಸಿದೆವು. ಆಗ ಮಂಡಿ ಹೆಚ್ಚುಕಮ್ಮಿ ಪೂರ್ತಿ ಬಿಚ್ಚಿಕೊಂಡು, ಚೂರೇ ಬಾಗಿ ಉಳಿದು, ಕಾಲು ದುಂಡಗೆ ತಿರುಗತೊಡಗಿತು. ಮೈಗೊಪ್ಪಿದ ಸೈಕಲ್ಲಿನ ಮೇಲೆ ಮನುಷ್ಯರು ಎಷ್ಟು ಚೆನ್ನಾಗಿ ಕಾಣುತ್ತಾರೆ!

ನೇರಳೆ ಬಣ್ಣದ್ದು, ಸೋರಾ ಗೇರಿನದು, ಲಕ್ಷದೊಳಗೆ ಬಂತು. ಬಣ್ಣ ಅವಳ ಆಯ್ಕೆ, ಅದು ಹಾಗೇ ಆಗಬೇಕು. ನಿತ್ಯ ನೋಡಿ "ಇವತ್ತೂ ಹೋಗೋಣ" ಅನ್ನಿಸುವ ಬಣ್ಣಕ್ಕೆ ಗೇರಿನಷ್ಟೇ ಕೆಲಸವಿದೆ. ಮೊದಮೊದಲು ಹೊರವರ್ತುಲ ರಸ್ತೆ, ಆಮೇಲೆ ಉತ್ತನಹಳ್ಳಿ, ಈಗ ಬೆಟ್ಟ. ಏರಿನಲ್ಲಿ ಅವಳು ನನಗಿಂತ ಹಗುರ, ಕೊನೆಯ ತಿರುವುಗಳಲ್ಲಿ ನನಗಿಂತ ಮುಂದೆ ಇರುತ್ತಾಳೆ.

ನಮ್ಮ ಊರುಗಳ ಸೈಕಲ್ ಅಂಗಡಿಯವರಲ್ಲಿ ಒಂದು ಕೋರಿಕೆ ಇದೆ. ವಿಜಯಪುರ, ಬಾಗಲಕೋಟೆ ಸೀಮೆಯ ಹೆಣ್ಣುಮಕ್ಕಳು ರಾಷ್ಟ್ರಮಟ್ಟದ ಸೈಕಲ್ ಸ್ಪರ್ಧೆಗಳಲ್ಲಿ ಪದಕ ಗೆದ್ದು ತಂದ ನಾಡು ನಮ್ಮದು. ಇಲ್ಲಿ ಐದಡಿಯವಳೊಬ್ಬಳು ಒಮ್ಮೆ ಹತ್ತಿ ನೋಡುವುದಕ್ಕೂ ಬೆಂಗಳೂರಿಗೆ ಹೋಗುವಂತಾಗಬಾರದು. 47ರ ಅಳತೆಯ ಒಂದೇ ಒಂದು ರೋಡ್ ಬೈಕನ್ನು, ಮಾರಾಟವಾಗಲಿ ಬಿಡಲಿ, ಗಾಳಿ ತುಂಬಿಸಿ, ಪೆಡಲ್ ಹಾಕಿ ಅಂಗಡಿಯ ಮುಂದಿನ ಸಾಲಿನಲ್ಲಿ ಇಡಿ. ಬಂದವರು ಹೆಣ್ಣುಮಗಳನ್ನು ಕರೆತಂದಿದ್ದರೆ, ದಯವಿಟ್ಟು ಅವಳ ಕಡೆಗೆ ತಿರುಗಿ ಮಾತಾಡಿ.